ಬಿದ್ದವನ ಹಿಂದೆ ಇಳಿಯಬೇಡ ಅಂತ ಕಲಿಸುವುದು ಹೇಗೆ? ಟ್ಯಾನರಿ ತರಬೇತಿ ಬಗ್ಗೆ ನಿಮ್ಮ ಸಲಹೆ ಬೇಕು

ರಾಣಿಪೇಟೆ_ತರಬೇತಿ:

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವನು. ತಮಿಳುನಾಡಿನ ರಾಣಿಪೇಟೆ, ಆಂಬೂರು, ವಾಣಿಯಂಬಾಡಿ ಕಡೆಯ ಟ್ಯಾನರಿಗಳಲ್ಲಿ, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆಗಳಲ್ಲಿ, ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಕೊಡುತ್ತೇನೆ. ಒಂಬತ್ತು ವರ್ಷವಾಯಿತು. ಗ್ಲೌಸ್ ಹಾಕುವುದು, ಬೂಟು ಹಾಕುವುದು, ಆಸಿಡ್ಡನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಸಿಡ್ಡಿಗೆ ಹಾಕಬಾರದು ಅನ್ನುವುದು, ಇವೆಲ್ಲ ಹೇಗೋ ತಲೆಗೆ ಹತ್ತುತ್ತವೆ. ಒಂದು ಪಾಠ ಮಾತ್ರ ಹತ್ತುತ್ತಿಲ್ಲ: ವಿಷಗಾಳಿ ಇರುವ ತೊಟ್ಟಿಯಲ್ಲಿ ಜೊತೆಯವನು ಬಿದ್ದರೆ ಅವನ ಹಿಂದೆ ಇಳಿಯಬೇಡ ಅನ್ನುವುದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹಸಿ ಚರ್ಮದ ಕೂದಲು ಬಿಡಿಸಲು ಸುಣ್ಣ ಮತ್ತು ಸೋಡಿಯಂ ಸಲ್ಫೈಡ್ ಹಾಕುತ್ತಾರೆ. ಮುಂದೆ ಹದ ಮಾಡಲು ಕ್ರೋಮ್ (ಕ್ರೋಮಿಯಂ ಲವಣ) ಹಾಕುವ ಮುಂಚೆ ಅದೇ ಚರ್ಮಕ್ಕೆ ಉಪ್ಪು, ಸಲ್ಫ್ಯೂರಿಕ್ ಆಸಿಡ್ ಬೀಳುತ್ತದೆ. ಈ ಎರಡು ನೀರೂ ಒಂದೇ ತೊಟ್ಟಿಯಲ್ಲಿ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ಕೂತಿರುತ್ತದೆ. ಹಳೇ ಕೆಸರನ್ನು ಕೋಲಿನಿಂದ ಕದಡಿದರೂ ಮೇಲೆ ಬರುತ್ತದೆ.

ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ. 100 ಪಾಲು ಮುಟ್ಟಿದರೆ ಕೆಲವೇ ನಿಮಿಷದಲ್ಲಿ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರುವುದಿಲ್ಲ. ‘ವಾಸನೆ ಹೋಯ್ತು, ಇನ್ನು ಇಳಿಯಬಹುದು’ ಅಂತ ಜನ ಅಂದುಕೊಳ್ಳುವುದು ಆಗಲೇ. 700 ದಾಟಿದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಅವನ ಹಿಂದೆ ಮತ್ತೊಬ್ಬ.

ಇಷ್ಟೂ ಹೇಳಿ ಕೊನೆಗೆ ಕೇಳುತ್ತೇನೆ: “ಜೊತೆಯವನು ಒಳಗೆ ಬಿದ್ದರೆ ಏನು ಮಾಡ್ತೀಯ?” ಎಲ್ಲರೂ “ಇಳಿಯಲ್ಲ ಸಾರ್, ಕೂಗ್ತೀನಿ” ಅನ್ನುತ್ತಾರೆ.

ಹೋದ ತಿಂಗಳು ಪರೀಕ್ಷೆ ಮಾಡಿದೆ. ತೊಳೆದು, ಗಾಳಿ ಬಿಟ್ಟು, ಅನಿಲ ಅಳೆಯುವ ಮೀಟರ್ ಇಳಿಸಿ ನೋಡಿದ ಖಾಲಿ ತೊಟ್ಟಿ. ಒಳಗೆ ಹೊಟ್ಟು ತುಂಬಿದ ಗೋಣಿಚೀಲ ಮಲಗಿಸಿದೆ. ಅದಕ್ಕೆ ಅಲ್ಲೇ ಕೆಲಸ ಮಾಡುವ ಹುಡುಗನೊಬ್ಬನ ನೀಲಿ ಅಂಗಿ ತೊಡಿಸಿದೆ. ಅವನ ಅಣ್ಣನೂ ಅದೇ ಪಾಳಿಯಲ್ಲಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ “ಬಿದ್ದ, ಬಿದ್ದ” ಅಂತ ಕೂಗಿಸಿದೆ. ಐದು ಜನ ಓಡಿ ಬಂದರು. ಮೂವರು ಏಣಿ ಹಿಡಿದು ಇಳಿದೇಬಿಟ್ಟರು. ಮೊದಲು ಇಳಿದವನು ಅಣ್ಣ. ಬೆಳಗ್ಗೆ ಎಲ್ಲರ ಮುಂದೆ ಸರಿಯಾದ ಉತ್ತರ ಹೇಳಿದ್ದವನೂ ಅವನೇ.

ಇವರಿಗೆ ತಿಳಿವಳಿಕೆ ಇಲ್ಲ ಅನ್ನುವ ಹಾಗಿಲ್ಲ. ಕಾಲು ತಲೆಯ ಮಾತು ಕೇಳುತ್ತಿಲ್ಲ. ಯಾರಾದರೂ ಬೇರೆ ದಾರಿ ಕಂಡಿದ್ದೀರಾ?

ಬಂಗಾರಪೇಟೆ_ಪ್ಯಾಸೆಂಜರ್:

ಸಾರ್, ನಾನು ಆರು ವರ್ಷ ವಾಣಿಯಂಬಾಡಿಯಲ್ಲಿ ಸುಣ್ಣದ ಡ್ರಮ್ (ಚರ್ಮವನ್ನು ಸುಣ್ಣದ ನೀರಲ್ಲಿ ತಿರುಗಿಸುವ ದೊಡ್ಡ ಪೀಪಾಯಿ) ನೋಡಿಕೊಂಡಿದ್ದೆ. ಬೆಳಗಿನ ರೈಲಿಗೆ ಜೋಲಾರ್‌ಪೇಟೆ ದಾಟಿ ಹೋಗುವುದು, ವಾರಕ್ಕೊಮ್ಮೆ ಮನೆಗೆ ಬರುವುದು. ಈಗ ಬಿಟ್ಟಿದ್ದೇನೆ.

ನನಗೆ ಸಿಕ್ಕಿದ ತರಬೇತಿ ಹೇಳುತ್ತೇನೆ. ಒಂದು ರೂಮಿನಲ್ಲಿ ಕೂರಿಸಿ ಇಂಗ್ಲಿಷ್ ವಿಡಿಯೋ ಹಾಕಿದರು. ನಮ್ಮಲ್ಲಿ ತಮಿಳಿನವರು, ಬಿಹಾರದವರು, ಒಡಿಶಾದವರು, ನಾನು ಕನ್ನಡದವನು. ಯಾರಿಗೂ ಅರ್ಥವಾಗಲಿಲ್ಲ. ಟೀ ಕೊಟ್ಟರು, ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡರು. ವಿದೇಶದ ಖರೀದಿದಾರರು ತಪಾಸಣೆಗೆ ಬರುವ ದಿನ ಬೆಳಗ್ಗೆ ಹೊಸ ಗ್ಲೌಸ್ ಹಂಚಿದರು. ಸಾಯಂಕಾಲ ಎಣಿಸಿ ವಾಪಸ್ ತೆಗೆದುಕೊಂಡರು. ನಮ್ಮನಮ್ಮಲ್ಲೇ ನಡೆಯುತ್ತಿದ್ದ ಪಾಠ ಏನು ಗೊತ್ತಾ? ಬೆಲ್ಲ ತಿಂದರೆ ದೂಳು, ಗ್ಯಾಸು ಏನೂ ಮಾಡಲ್ಲ. ಒದ್ದೆ ಟವೆಲ್ ಮೂಗಿಗೆ ಕಟ್ಟಿಕೊಂಡರೆ ಸಾಕು.

ನಿಜವಾಗಿ ಕಲಿಸಿದವರು ಒಬ್ಬ ಹಿರಿಯರು. ಮುಸಲ್ಮಾನರು, ಮೂವತ್ತು ವರ್ಷ ಅದೇ ಕೆಲಸ ಮಾಡಿದವರು. ಮೊದಲ ಸಲ ತೊಟ್ಟಿ ಕ್ಲೀನ್ ಮಾಡಲು ಹೊರಟಾಗ ನನ್ನನ್ನು ತಡೆದು ನಿಲ್ಲಿಸಿದರು. ಸೊಂಟಕ್ಕೆ ಹಗ್ಗ ಕಟ್ಟಿದರು. ಇನ್ನೊಂದು ತುದಿಯನ್ನು ತಮ್ಮ ಕೈಗೆ ಎರಡು ಸುತ್ತು ಸುತ್ತಿಕೊಂಡರು. “ನೀನು ಬಿದ್ದರೆ ನಾನು ಇಳಿಯಲ್ಲಪ್ಪ, ಎಳೀತೀನಿ” ಅಂದರು. ಆ ಮಾತು ಇವತ್ತಿಗೂ ಮರೆತಿಲ್ಲ.

ಡ್ರಮ್_ಎಂಜಿನಿಯರ್:

ನಾನು ಚೆನ್ನೈನಲ್ಲಿ ಚರ್ಮ ತಂತ್ರಜ್ಞಾನ ಓದಿದವನು. 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಅಲ್ಲೇ ಅಡಯಾರಿನಲ್ಲಿದೆ. ಓದುವ ಕಾಲದಲ್ಲಿ ದಿನವೂ ಹೋಗಿ ಬರುತ್ತಿದ್ದೆ. ಈ ಚರ್ಚೆಯಲ್ಲಿ ನನ್ನದೊಂದು ತಕರಾರು ಇದೆ. ತಪ್ಪು ತಿಳಿಯಬೇಡಿ.

ತರಬೇತಿ ಅನ್ನುವುದು ಕೊನೆಯ ಮೆಟ್ಟಿಲು. ಮೊದಲು ಆ ಎರಡು ನೀರು ಸೇರದ ಹಾಗೆ ಮಾಡಿ. ಸುಣ್ಣದ ನೀರಿಗೆ ಒಂದು ಚರಂಡಿ, ಆಸಿಡ್ ಮತ್ತು ಕ್ರೋಮ್ ನೀರಿಗೆ ಬೇರೆ ಚರಂಡಿ. ಸುಣ್ಣದ ನೀರಿಗೆ ಸ್ವಲ್ಪ ಮ್ಯಾಂಗನೀಸ್ ಸಲ್ಫೇಟ್ ಹಾಕಿ ಗಾಳಿ ಊದಿದರೆ ಸಲ್ಫೈಡ್ ಅಲ್ಲೇ ಸಾಯುತ್ತದೆ. ಇದು ಹೊಸ ವಿದ್ಯೆಯಲ್ಲ, ಎಷ್ಟೋ ದಶಕದಿಂದ ಗೊತ್ತಿರುವುದು. ಕೂದಲು ಬಿಡಿಸಲು ಕಿಣ್ವ ಬಳಸಿ ಸಲ್ಫೈಡನ್ನೇ ಕಡಿಮೆ ಮಾಡಬಹುದು. ಕೆಸರನ್ನು ಮನುಷ್ಯ ಇಳಿದು ಬಾಚುವ ಬದಲು ಪಂಪಿನಿಂದ ಎಳೆಯಬಹುದು.

ಯಂತ್ರಗಳಿಗೂ ಇದೇ ಮಾತು. ತಿರುಗುವ ಡ್ರಮ್ಮಿನ ಮುಂದೆ ಕಂಬಿ ಬೇಲಿ ಇಲ್ಲ. ಬೇಲಿ ತೆಗೆದರೆ ಡ್ರಮ್ ತಾನಾಗೇ ನಿಲ್ಲುವ ವ್ಯವಸ್ಥೆಯೂ ಇಲ್ಲ. ಒಳಗೆ ಒಬ್ಬ ಚರ್ಮ ತೆಗೆಯುತ್ತಿರುವಾಗ ಹೊರಗೆ ಇನ್ನೊಬ್ಬ ಸ್ವಿಚ್ ಒತ್ತಿದರೆ ಮುಗಿಯಿತು. ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಒಳಗೆ ಹೋಗುವವನ ಜೇಬಿಗೇ ಹಾಕಿದರೆ ಆ ಸಾವು ಬರುವುದೇ ಇಲ್ಲ. ಒಂದು ಬೀಗಕ್ಕೆ ಎಷ್ಟು ಖರ್ಚು ಹೇಳಿ! ಇದ್ಯಾವುದನ್ನೂ ಮಾಡದೆ ತರಬೇತಿ ಕೊಟ್ಟರೆ, ನಾಳೆ ಅವನು ಸತ್ತಾಗ ‘ನಾವು ಹೇಳಿಕೊಟ್ಟಿದ್ದೆವು, ಅವನೇ ಕೇಳಲಿಲ್ಲ’ ಅನ್ನಲು ಒಂದು ಸಹಿ ಇರುತ್ತದೆ ಅಷ್ಟೇ.

ಇನ್ನೊಂದು. ಬಂಗಾರಪೇಟೆಯವರು ಹೇಳಿದ ಆ ಹಿರಿಯರಿಗೆ ಕೈ ಮುಗಿಯಬೇಕು. ಆದರೆ ಸೊಂಟಕ್ಕೆ ಕಟ್ಟಿದ ಹಗ್ಗದಲ್ಲಿ ಪ್ರಜ್ಞೆ ತಪ್ಪಿದವನನ್ನು ಎಳೆದರೆ ದೇಹ ಮಡಚಿಕೊಳ್ಳುತ್ತದೆ, ಮ್ಯಾನ್‌ಹೋಲ್ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಎದೆ, ಭುಜ, ತೊಡೆಗೆ ಬರುವ ಬೆಲ್ಟ್ ಬೇಕು. ಮೇಲೆ ಮೂರು ಕಾಲಿನ ಸ್ಟ್ಯಾಂಡು, ಅದಕ್ಕೆ ಬಾವಿಗೆ ಇರುವಂಥ ರಾಟೆ. ಎಳೆದದ್ದು ಮತ್ತೆ ಕೆಳಗೆ ಜಾರದ ಹಾಗೆ ಹಲ್ಲಿರುವ ರಾಟೆ. ಬಿದ್ದವನ ಭಾರವನ್ನು ಬರಿಗೈಯಲ್ಲಿ ಎತ್ತಲು ಇಬ್ಬರಿಗೂ ಕಷ್ಟ.

ಟ್ಯಾನರಿ_ರೋಡ್_ಮಗಳು:

ನಮ್ಮದು ಬೆಂಗಳೂರಿನ ಟ್ಯಾನರಿ ರೋಡ್. ಇವತ್ತು ಆ ಹೆಸರು ಬಸ್ ಬೋರ್ಡಿನಲ್ಲಿ ಇದೆ, ಯಾಕೆ ಬಂತು ಅಂತ ಯೋಚಿಸುವವರು ಕಡಿಮೆ. ನಮ್ಮಮ್ಮ ಹನ್ನೆರಡು ವರ್ಷ ಚರ್ಮದ ಫಿನಿಶಿಂಗ್ ಕೆಲಸ ಮಾಡಿದರು. ಬಣ್ಣದ ಸ್ಪ್ರೇ ಮಾಡುವ ಕಡೆ.

ಎಲ್ಲರೂ ಡ್ರಮ್, ತೊಟ್ಟಿ ಅಂತೀರಲ್ಲ, ಹೆಂಗಸರು ಇರುವ ಕಡೆ ತರಬೇತಿ ಬಂದದ್ದೇ ಇಲ್ಲ. ‘ಅಲ್ಲಿ ಏನಿದೆ ಅಪಾಯ, ಕೂತು ಮಾಡುವ ಕೆಲಸ’ ಅಂತ. ದಿನವಿಡೀ ಥಿನ್ನರ್ ವಾಸನೆ. ಸಾಯಂಕಾಲ ಮನೆಗೆ ಬಂದಾಗ ಅಮ್ಮನಿಗೆ ತಲೆನೋವು, ಊಟ ಸೇರುತ್ತಿರಲಿಲ್ಲ. ದೂಳಿಗೆ ಕಟ್ಟುವ ಬಟ್ಟೆ ಮಾಸ್ಕ್ ಕೊಟ್ಟಿದ್ದರು. ಅದು ದೂಳನ್ನೇ ಅಷ್ಟಕ್ಕಷ್ಟೇ ತಡೆಯುತ್ತದೆ, ಆವಿಯನ್ನು ಎಲ್ಲಿ ತಡೆಯುತ್ತದೆ? ಇದ್ದಿಲಿನ ಡಬ್ಬಿ ಇರುವ ಮಾಸ್ಕೇ ಬೇರೆ ಅಂತ ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಸೀರೆ ಸೆರಗು, ದುಪಟ್ಟಾ ರೋಲರಿಗೆ ಸಿಕ್ಕಿ ಪೆಟ್ಟು ತಿಂದವರನ್ನು ಅಮ್ಮ ಕಣ್ಣಾರೆ ಕಂಡಿದ್ದಾರೆ.

ಇನ್ನೊಂದನ್ನು ಹೇಳಲೇಬೇಕು. ಅಮ್ಮ ಡಾಕ್ಟರ ಹತ್ತಿರ ಹೋದಾಗ ಎಲ್ಲಿ ಕೆಲಸ ಅಂತ ಹೇಳುತ್ತಿರಲಿಲ್ಲ. ‘ಗಾರ್ಮೆಂಟ್ಸ್’ ಅನ್ನುತ್ತಿದ್ದರು. ಚರ್ಮದ ಕೆಲಸ ಅಂದರೆ ಮೂಗು ಮುರಿಯುತ್ತಾರೆ, ಜಾತಿ ಕೇಳುತ್ತಾರೆ. ಕೆಲಸ ಗೊತ್ತಿಲ್ಲದೆ ಡಾಕ್ಟರು ಯಾವ ಕಾಯಿಲೆ ಅಂತ ಔಷಧಿ ಕೊಡುತ್ತಾರೆ? ನಿಮ್ಮ ತರಬೇತಿಯಲ್ಲಿ ಇದೂ ಇರಲಿ ಸಾರ್: ಡಾಕ್ಟರಿಗೆ ಕೆಲಸದ ಹೆಸರು ಹೇಳಿ, ತಲೆ ತಗ್ಗಿಸಬೇಡಿ.

ಚರ್ಮವೈದ್ಯೆ_ಮೈಸೂರು:

ಟ್ಯಾನರಿ ರೋಡಿನವರ ಮಾತು ಓದಿ ಹೊಟ್ಟೆ ಉರಿಯಿತು. ಕೈಯಲ್ಲಿ ಕಜ್ಜಿ ಅಂತ ಬರುವವರನ್ನು ‘ಏನು ಕೆಲಸ’ ಅಂತ ಕೇಳಬೇಕಾದದ್ದು ನಮ್ಮ ಕರ್ತವ್ಯ. ಕೇಳುವ ಧಾಟಿ ಸರಿಯಿದ್ದರೆ ಅವರು ಹೇಳುತ್ತಾರೆ.

ಕ್ರೋಮ್ ಅಲರ್ಜಿ ಒಮ್ಮೆ ಬಂದರೆ ಹೋಗುವುದು ಬಹಳ ಕಷ್ಟ. ಸಿಮೆಂಟ್ ಕೆಲಸದ ಗಾರೆಯವರ ಕೈಯಲ್ಲೂ ಇದೇ ಕ್ರೋಮ್ ಕಜ್ಜಿ ನೋಡಿರುತ್ತೀರಿ. ಕ್ರೋಮ್ ಹುಣ್ಣು ಇನ್ನೊಂದು ಬಗೆ. ದುಂಡಗೆ, ಪಂಚ್ ಹೊಡೆದ ಹಾಗೆ ಆಳ. ನೋವು ಕಡಿಮೆ, ಹಾಗಾಗಿ ಅಲಕ್ಷ್ಯ ಮಾಡುತ್ತಾರೆ. ವಾರಕ್ಕೊಮ್ಮೆ ಒಬ್ಬರ ಕೈಯನ್ನು ಇನ್ನೊಬ್ಬರು ನೋಡುವ ಅಭ್ಯಾಸ ಮಾಡಿಸಿ. ಬೆರಳ ಸಂದು, ಉಗುರಿನ ಬುಡ, ಮುಂಗೈ. ಐದು ನಿಮಿಷದ ಕೆಲಸ.

ಸಲ್ಫೈಡ್ ಚಕ್ಕೆ ಮೈಮೇಲೆ ಬಿದ್ದರೆ ಮೊದಲು ಒಣಗಿದ್ದಾಗಲೇ ಕೊಡವಿ. ಆಮೇಲೆ ಧಾರಾಳವಾಗಿ ನೀರು, ಕಡಿಮೆ ಅಂದರೂ 15 ನಿಮಿಷ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆಯುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಂಬೆಹುಳಿ, ವಿನೆಗರ್ ಹಚ್ಚಬೇಡಿ. ‘ಸುಣ್ಣಕ್ಕೆ ಹುಳಿ ಮದ್ದು’ ಅಂತ ಹಚ್ಚುವವರಿದ್ದಾರೆ. ಸಲ್ಫೈಡಿಗೆ ಹುಳಿ ತಗುಲಿದರೆ ಮೇಲೆ ಹೇಳಿದ ಅದೇ ವಿಷಗಾಳಿ ಏಳುತ್ತದೆ.

ಮೂಲ ಬರಹಗಾರರಿಗೆ ಒಂದು ಮಾತು. ತಮ್ಮನ ಅಂಗಿ ತೊಡಿಸಿ ಅಣ್ಣನನ್ನು ಓಡಿಸಿದ್ದು ತಪ್ಪು. ಮುಂದಿನ ಸಲ ಮುಂಚೆಯೇ ಹೇಳಿ ಮಾಡಿ. ಗಾಬರಿ ಹುಟ್ಟಿಸಿದರೆ ಭಯ ಉಳಿಯುತ್ತದೆ, ಪಾಠ ಉಳಿಯುವುದಿಲ್ಲ.

ರಾಣಿಪೇಟೆ_ತರಬೇತಿ:

ಡಾಕ್ಟರಮ್ಮ, ಒಪ್ಪಿದೆ. ಆ ಅಣ್ಣ ಮೇಲೆ ಬಂದು ಗೋಡೆಗೆ ಒರಗಿ ಕೂತು ಅತ್ತ. ಆವತ್ತೇ ಅವನ ಹತ್ತಿರ ಕ್ಷಮೆ ಕೇಳಿದೆ.

ಎಂಜಿನಿಯರ್ ಸಾರ್, ಚರಂಡಿ ಬೇರೆ ಮಾಡುವ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಾನು ಹೋಗುವ ಕೆಲವು ಕಡೆ ಮಾಡಿದ್ದಾರೆ. ಆದರೆ ಹಳೇ ಕಟ್ಟಡ, ಸಣ್ಣ ಮಾಲೀಕ ಅಂದರೆ ನಾಳೆಗೆ ನಾಳೆ ಆಗುವುದಿಲ್ಲ. ಅಲ್ಲಿಯವರೆಗೆ ಅಲ್ಲಿ ನಿಂತಿರುವ ಮನುಷ್ಯ ಬದುಕಬೇಕಲ್ವಾ?

ದುಬೈ_ಮಂಗಳೂರು:

ನಾನು ಗಲ್ಫಿನ ತೈಲ ಬಾವಿಗಳಲ್ಲಿ ಇದ್ದೇನೆ. ನಮ್ಮಲ್ಲೂ ಇದೇ ಗ್ಯಾಸ್. ಇಲ್ಲಿ ಕಾಲರಿಗೆ ಸಣ್ಣ ಮೀಟರ್ ಸಿಕ್ಕಿಸಿಕೊಳ್ಳದೆ ಗೇಟು ದಾಟುವ ಹಾಗಿಲ್ಲ. ಹತ್ತು ಲಕ್ಷಕ್ಕೆ 10 ಪಾಲು ಮುಟ್ಟಿದರೆ ಒಂದು ಸದ್ದು, 15ಕ್ಕೆ ಇನ್ನೊಂದು ಸದ್ದು. ನಮ್ಮ ದೇಶದ ಕಾರ್ಖಾನೆ ಕಾನೂನಿನಲ್ಲೂ 8 ಗಂಟೆಯ ಕೆಲಸಕ್ಕೆ 10, ಸ್ವಲ್ಪ ಹೊತ್ತಿಗೆ 15 ಅಂತಲೇ ಮಿತಿ ಇಟ್ಟಿದ್ದರು.

ನಮಗೆ ಕಲಿಸುವಾಗ ‘ಇಳಿಯಬೇಡ’ ಅಂತ ಯಾರೂ ಹೇಳುವುದಿಲ್ಲ. ಸದ್ದು ಬಂದರೆ ಏನು ಮಾಡಬೇಕು ಅಂತ ಮಾತ್ರ ಹೇಳುತ್ತಾರೆ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡು. ಗಾಳಿ ಬರುವ ದಿಕ್ಕಿಗೆ ಹೋಗು. ಎಲ್ಲರೂ ಸೇರುವ ಜಾಗದಲ್ಲಿ ತಲೆ ಎಣಿಸು. ಆಮೇಲೆ ಉಸಿರಾಟದ ಸಿಲಿಂಡರ್ ತೊಟ್ಟವರು ಮಾತ್ರ ವಾಪಸ್ ಹೋಗುತ್ತಾರೆ. ಎಷ್ಟೋ ಸಲ ಅಭ್ಯಾಸ ಮಾಡಿಸಿ ಕಾಲಿಗೆ ರೂಢಿ ಮಾಡಿಸುತ್ತಾರೆ. ಮನುಷ್ಯನಿಗೆ ‘ಸುಮ್ನೆ ನಿಂತ್ಕೋ’ ಅಂದರೆ ನಿಲ್ಲಲು ಆಗುವುದಿಲ್ಲ ಸಾರ್. ಕೈಗೆ ಬೇರೆ ಕೆಲಸ ಕೊಡಿ.

ಕೆಲಸಗಾರರ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆ 1986ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ 60 ಶೇಕಡಾಕ್ಕಿಂತ ಜಾಸ್ತಿ ಜನ ಕಾಪಾಡಲು ಹೋದವರು ಅಂತ. ನಿಮ್ಮ ಆ ಅಣ್ಣತಮ್ಮಂದಿರಿಗೂ ಅಲ್ಲಿಯವರಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಲೇಬರ್_ಕೇಸು:

ಕಾನೂನಿನ ಮಾತು ಬಂತು ಅಂತ ಹೇಳುತ್ತೇನೆ. ಆ ಹಿರಿಯರು ಕೈಗೆ ಸುತ್ತಿಕೊಂಡ ಹಗ್ಗ ಕಾನೂನಿನಲ್ಲೇ ಇತ್ತು. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಓದಿ. ವಿಷಗಾಳಿ ಇರಬಹುದಾದ ತೊಟ್ಟಿ, ಗುಂಡಿಗೆ ಯಾರನ್ನೂ ಸುಮ್ನೆ ಇಳಿಸುವ ಹಾಗಿಲ್ಲ. ಮೊದಲು ಆ ಗಾಳಿಯನ್ನು ಹೊರಹಾಕಲು ಆಗುವುದೆಲ್ಲ ಮಾಡಿರಬೇಕು. ಆಮೇಲೆ ಬಲ್ಲವರು ಸ್ವತಃ ಪರೀಕ್ಷಿಸಿ ಬರೆದುಕೊಟ್ಟ ಪತ್ರ ಇರಬೇಕು. ಇಲ್ಲವಾದರೆ ಇಳಿಯುವವನು ಉಸಿರಾಟದ ಸಾಧನ ತೊಟ್ಟು, ಬೆಲ್ಟ್ ಕಟ್ಟಿಕೊಂಡಿರಬೇಕು. ಬೆಲ್ಟಿನ ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಚರ್ಮ ಹದ ಮಾಡುವುದು ಅಪಾಯಕಾರಿ ಉದ್ಯಮಗಳ ಪಟ್ಟಿಯಲ್ಲೇ ಇತ್ತು, ಹಾಗಾಗಿ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯೂ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಸುರಕ್ಷತಾ ಸಂಹಿತೆ ಬಂದಿದೆ.

ಆದರೆ ತರಬೇತಿಗೆ ಯಾರು ಸಿಗುತ್ತಾರೆ ನೋಡಿ. ಕಾಯಂ ಕೆಲಸಗಾರರು. ತೊಟ್ಟಿಗೆ ಯಾರು ಇಳಿಯುತ್ತಾರೆ? ಎರಡು ದಿನಕ್ಕೆ ಗುತ್ತಿಗೆದಾರ ಕರೆತಂದ ಹುಡುಗರು. 2025ರ ಫೆಬ್ರವರಿ 2ರಂದು ಕೋಲ್ಕತ್ತದ ಬಾಂಟಾಲ ಚರ್ಮ ಸಂಕೀರ್ಣದಲ್ಲಿ ಮ್ಯಾನ್‌ಹೋಲ್‌ಗೆ ಬಿದ್ದು ಮೂವರು ಸತ್ತರು. ರಾಣಿಪೇಟೆಯಲ್ಲೇ 2015ರ ಜನವರಿ 31ರ ನಸುಕಿನಲ್ಲಿ ಟ್ಯಾನರಿಗಳ ಕೊಳಚೆನೀರಿನ ಸಂಸ್ಕರಣಾ ಘಟಕದ ಕೆಸರಿನ ತೊಟ್ಟಿಯ ಗೋಡೆ ಒಡೆದು, ಪಕ್ಕದ ಟ್ಯಾನರಿಯಲ್ಲಿ ಮಲಗಿದ್ದ ಹತ್ತು ಜನ ಸತ್ತರು. ಹೆಚ್ಚಿನವರು ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಮಲಗಿದ್ದವರಿಗೆ ಯಾವ ತರಬೇತಿ ಕೊಡುತ್ತೀರಿ? ತೊಟ್ಟಿಯ ಪಕ್ಕ ಮಲಗಿಸಬಾರದು ಅಂತ ಮಾಲೀಕರಿಗೆ ತರಬೇತಿ ಬೇಕು.

ಅಥಣಿ_ಚಪ್ಪಲಿ:

ನಮ್ಮ ಕಡೆ ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ತೊಗಟೆಯಲ್ಲಿ ಹದ ಮಾಡಿದ ಚರ್ಮ. ನಮ್ಮ ಅಜ್ಜ ಚರ್ಮವನ್ನು ಚೀಲದ ಹಾಗೆ ಹೊಲಿದು, ತೂಗುಹಾಕಿ, ಒಳಗೆ ತೊಗಟೆ, ಅಳಲೆಕಾಯಿಯ ರಸ ತುಂಬಿಸುತ್ತಿದ್ದರು. ಕ್ರೋಮ್ ಇಲ್ಲ, ಆಸಿಡ್ ಇಲ್ಲ. ಆದರೂ ಅಪಾಯ ಇರಲಿಲ್ಲ ಅಂತ ಹೇಳಲಾರೆ. ಬರಿಗಾಲಲ್ಲಿ ಸುಣ್ಣದ ಗುಂಡಿಗೆ ಇಳಿದು ಅವರ ಪಾದ ಬಿರುಕು ಬಿಟ್ಟು ರಕ್ತ ಬರುತ್ತಿತ್ತು. ಒದ್ದೆ ಎಮ್ಮೆ ಚರ್ಮ ಎತ್ತಿ ಎತ್ತಿ ಬೆನ್ನು ಬಾಗಿತ್ತು. ಹನ್ನೆರಡನೇ ಶತಮಾನದ ಡೋಹರ ಕಕ್ಕಯ್ಯ ಶರಣರ ಕಾಯಕ ಇದು ಅಂತ ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಕಾಯಕಕ್ಕೆ ಒಂದು ಜೊತೆ ಬೂಟು ಕೊಡಲು ಯಾರಿಗೂ ತೋಚಲಿಲ್ಲ.

ಟ್ಯಾನರಿ_ರೋಡ್_ಮಗಳು:

ಸುಣ್ಣ ಅಂದಾಗ ನೆನಪಾಯಿತು. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ, ಆರತಿಗೆ ಮಾಡುವ ಹಾಗೆ. ಗ್ಲೌಸ್ ತೂತು ಬಿದ್ದಿದೆಯಾ ಅಂತ ಅಮ್ಮ ನೋಡುತ್ತಿದ್ದದ್ದು ಹಾಗೇ. ಒಂದು ಬಿಳಿ ಬಟ್ಟೆಗೆ ಅರಿಶಿನ ನೀರು ಹಚ್ಚಿ ಗ್ಲೌಸ್ ಒಳಗೆ ತುರುಕುವುದು. ಹೊರಗಿನಿಂದ ಸುಣ್ಣದ ತಿಳಿಯಲ್ಲಿ ಅದ್ದುವುದು. ತೆಗೆದು ನೋಡಿದರೆ ಎಲ್ಲಿ ಸೋರಿದೆಯೋ ಅಲ್ಲಿ ಕೆಂಪು ಚುಕ್ಕಿ. ನಿಮ್ಮ ತರಬೇತಿಯಲ್ಲಿ ಮಾಡಿ ನೋಡಿ. ಯಾವ ಭಾಷೆಯೂ ಬೇಕಾಗುವುದಿಲ್ಲ.

ರಾಣಿಪೇಟೆ_ತರಬೇತಿ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ನೀವು ಹೇಳಿದ ಎಷ್ಟನ್ನೋ ಮಾಡಿದೆ.

ಮೊದಲು ಅರಿಶಿನ. ಅಂಗಳದಲ್ಲಿ ಬಕೆಟ್ ಇಟ್ಟು, ಅವರವರು ದಿನಾ ಹಾಕುವ ಗ್ಲೌಸನ್ನೇ ತರಿಸಿದೆ. ಹದಿನಾಲ್ಕು ಜೊತೆಯಲ್ಲಿ ಒಂಬತ್ತು ಜೊತೆ ಸೋರಿದವು. ಹೆಚ್ಚಿನವು ಹೆಬ್ಬೆರಳ ಬುಡದಲ್ಲಿ. ಬಿಹಾರದ ಹುಡುಗನೊಬ್ಬ ಕೆಂಪಾದ ಬಟ್ಟೆಯನ್ನು ಸೂಪರ್‌ವೈಸರ್ ಮುಂದೆ ಹಿಡಿದು ಸುಮ್ಮನೆ ನಿಂತ. ಮಾತೇ ಆಡಲಿಲ್ಲ. ಮಾರನೇ ದಿನ ಮೊಣಕೈವರೆಗೆ ಬರುವ ದಪ್ಪ ನೈಟ್ರೈಲ್ ಗ್ಲೌಸ್ ಬಂದವು. ಈ ಸಲ ಸಾಯಂಕಾಲ ವಾಪಸ್ ಕೇಳಲಿಲ್ಲ.

ಆಮೇಲೆ ತೊಟ್ಟಿ. ಮಂಗಳೂರಿನವರ ಮಾತು ಹಿಡಿದುಕೊಂಡೆ. ‘ಇಳಿಯಬೇಡ’ ಅನ್ನುವುದನ್ನೇ ಬಿಟ್ಟೆ. ಒಬ್ಬೊಬ್ಬರ ಕೈಗೆ ಒಂದೊಂದು ಕೆಲಸ. ಒಬ್ಬ ಗಾಳಿ ಊದುವ ಬ್ಲೋವರ್ ಕೊಳವೆಯನ್ನು ತಳಕ್ಕೆ ಬಿಡುವುದು. ಒಬ್ಬ ರಾಟೆ ತಿರುಗಿಸುವುದು. ಒಬ್ಬ ಗೇಟಿಗೆ ಓಡಿ ಆಂಬುಲೆನ್ಸ್ ಕರೆಯುವುದು, ಹೈಡ್ರೋಜನ್ ಸಲ್ಫೈಡ್ ಅಂತ ಹೆಸರು ಹೇಳಿಯೇ ಕರೆಯುವುದು. ಮೇಸ್ತ್ರಿ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಈ ಕೊನೆಯದು ಬಂಗಾರಪೇಟೆಯವರು ನನಗೆ ಫೋನಿನಲ್ಲಿ ಹೇಳಿದ್ದು. ಏಣಿ ಇದ್ದರೆ ತಾನೇ ಇಳಿಯುವುದು?

ಇಳಿಯುವವನು ಬೆಲ್ಟ್ ಹಾಕಿ, ಹಗ್ಗ ರಾಟೆಗೆ ಸಿಕ್ಕಿಸಿ, ಮೀಟರ್ ಮೂರು ಮಟ್ಟದಲ್ಲಿ ನೋಡಿದ ಮೇಲೇ ಏಣಿ ಇಳಿಬಿಡುವುದು. ಬಾಯಿಯ ಹತ್ತಿರ, ನಡುವೆ, ತಳದಲ್ಲಿ. ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆ ಇದ್ದರೂ ಇಳಿಯುವುದಿಲ್ಲ. ಮೀಟರ್ ಸಂಖ್ಯೆಯನ್ನು ಗೋಡೆಯ ಕರಿಹಲಗೆ ಮೇಲೆ ಅವರೇ ಬರೆಯುತ್ತಾರೆ.

ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಮುಂಚೆಯೇ ಎಲ್ಲ ಹೇಳಿದೆ. ರಾಟೆಯ ಕೆಲಸವನ್ನು ಅಣ್ಣನಿಗೇ ಕೊಟ್ಟೆ. ಗೋಣಿಚೀಲಕ್ಕೆ ಬೆಲ್ಟ್ ಕಟ್ಟಿ ಇಳಿಸಿದೆವು. ಕೂಗು ಬಿತ್ತು. ಅಣ್ಣ ತೊಟ್ಟಿಯ ಕಡೆ ಒಂದು ಹೆಜ್ಜೆ ಇಟ್ಟ, ನಿಂತ, ರಾಟೆಯ ಕಡೆ ತಿರುಗಿದ. ಚೀಲ ಮೇಲೆ ಬರಲು ಎರಡು ನಿಮಿಷವಾಯಿತು. “ಇನ್ನೊಂದ್ಸಲ ಸಾರ್” ಅಂದ. ಎರಡನೇ ಸಲಕ್ಕೆ ಐವತ್ತು ಸೆಕೆಂಡು. ಆಮೇಲೆ ತಾನೇ ರಾಟೆಗೆ ಗ್ರೀಸ್ ಹಚ್ಚಿದ.

ಎಂಜಿನಿಯರ್ ಸಾರ್, ಚರಂಡಿ ಇನ್ನೂ ಒಂದೇ ಇದೆ. ಬೇರೆ ಮಾಡುವ ಖರ್ಚಿನ ಲೆಕ್ಕ ಮಾಲೀಕರು ಕೇಳಿದ್ದಾರೆ. ನಕ್ಷೆ ನೋಡಿಕೊಡುತ್ತೀರಾ?

ಡ್ರಮ್_ಎಂಜಿನಿಯರ್:

ಕಳಿಸಿ. ಡ್ರಮ್ ಎಷ್ಟಿವೆ, ದಿನಕ್ಕೆ ಎಷ್ಟು ಚರ್ಮ, ಚರಂಡಿಯ ಇಳಿಜಾರು ಯಾವ ಕಡೆ ಅಂತ ಅದರಲ್ಲೇ ಬರೆದಿರಿ. ಭಾನುವಾರ ಕೂರುತ್ತೇನೆ. ಲೇಬರ್_ಕೇಸು ಹೇಳಿದ ಗುತ್ತಿಗೆ ಹುಡುಗರು ಬಂದ ದಿನ ಆ ಅಣ್ಣನೇ ಅವರಿಗೆ ರಾಟೆ ತೋರಿಸಲಿ. ನೀವು ಪಕ್ಕದಲ್ಲಿ ನಿಂತರೆ ಸಾಕು.